ಫೋಲಿಕ್ ಆಸಿಡ್‌ನ ಸುಬ್ಬರಾವ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಯಾವ ಸರ್ಕಾರಿ ಆಸ್ಪತ್ರೆಗೆ ಹೋದ್ರೂ ಗರ್ಭಿಣಿಯರಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್ ಇರೋ ಮಾತ್ರೆ ಕೊಡ್ತಾರೆ. ಅದರ ಹಿಂದಿರೋ ಯಲ್ಲಾಪ್ರಗಡ ಸುಬ್ಬರಾವ್ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅವರು ಹುಟ್ಟಿದ್ದು 1895ರಲ್ಲಿ, ಭೀಮವರಂನಲ್ಲಿ. ಆಗ ಅದೂ ನಮ್ಮ ಬಳ್ಳಾರಿ ಸೀಮೆಯೂ ಒಂದೇ ಮದ್ರಾಸ್ ಪ್ರಾಂತ್ಯ. ಸ್ಪ್ರೂ ಅನ್ನೋ ಕರುಳಿನ ಕಾಯಿಲೆಯಿಂದ ಅಣ್ಣ ತೀರಿಹೋದರು. ಮದ್ರಾಸ್ ಮೆಡಿಕಲ್ ಕಾಲೇಜಲ್ಲಿ ಖಾದಿ ತೊಟ್ಟಿದ್ದಕ್ಕೆ ಸರ್ಜರಿ ಪ್ರೊಫೆಸರ್‌ಗೆ ಸಿಟ್ಟು ಬಂತು, ಎಂಬಿಬಿಎಸ್ ಬದಲು ಎಲ್‌ಎಂಎಸ್ ಸಿಕ್ತು. (ಇಂಟರ್ನಲ್ಸ್ ಕಷ್ಟ ಅವತ್ತೂ ಇತ್ತು!) ಮುಂದೆ ಹಾರ್ವರ್ಡ್‌ನಲ್ಲಿ ಹೆಸರು ಮಾಡಿದರೂ ಕಾಯಂ ಕೆಲಸ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಕಂಪನಿ ಸೇರಿದರು.

ಅಲ್ಲಿ ಅವರ ತಂಡ ಫೋಲಿಕ್ ಆಸಿಡನ್ನು ಲ್ಯಾಬಲ್ಲೇ ತಯಾರಿಸಿತು. ಅದರಲ್ಲಿ ಅಂಟಿಕೊಂಡ ಎರಡು ಉಂಗುರ, ಅವುಗಳಲ್ಲಿ ನಾಲ್ಕು ನೈಟ್ರೋಜನ್. ಅಣ್ಣನನ್ನು ಕೊಂದ ಸ್ಪ್ರೂಗೆ ಅದೇ ಮದ್ದಾಯಿತು! ಆ ಉಂಗುರದ ಒಂದು ಆಕ್ಸಿಜನ್ ಜಾಗಕ್ಕೆ ಅಮೈನೋ ಗುಂಪು ಕೂರಿಸಿದರೆ ಅಮೈನೋಪ್ಟೆರಿನ್. ಜೀವಕೋಶ ಅದನ್ನ ಫೋಲಿಕ್ ಆಸಿಡ್ ಅಂತಲೇ ತಿಳಿದು ಮೋಸಹೋಗುತ್ತೆ, ಬೆಳೆಯೋದು ನಿಲ್ಲುತ್ತೆ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟಾಗ ಕೆಲವರ ರೋಗ ಸ್ವಲ್ಪ ಕಾಲ ಹಿಂದೆ ಸರಿಯಿತು. ಇವತ್ತಿನ ಮೆಥೊಟ್ರೆಕ್ಸೇಟ್ ಅದರ ತಮ್ಮ. ಆನೆಕಾಲು ರೋಗದ ಡಿಇಸಿ ಮಾತ್ರೆಯೂ ಇವರ ಲ್ಯಾಬಿನದೇ.

1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ, ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಊರಲ್ಲಿ ಬಿಟ್ಟುಬಂದ ಹೆಂಡತಿಯನ್ನು ಮತ್ತೆ ನೋಡಲೇ ಇಲ್ಲ.