ಮಿನುಗುತಾರೆ ಕಲ್ಪನಾ

ಶರಣರು ಕಾಯಕದಲ್ಲಿ ಮೇಲು ಕೀಳೆಂಬ ಭೇದವನ್ನು ಎಣಿಸಲಿಲ್ಲ. ವೇಷ ಕಟ್ಟಿ ಜನರನ್ನು ರಂಜಿಸಿ ಜೀವಿಸುತ್ತಿದ್ದ ಬಹುರೂಪಿ ಚೌಡಯ್ಯನು ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಗೌರವದಿಂದ ನಿಂತಿದ್ದಾನೆ. ಸೂಳೆ ಸಂಕವ್ವೆಯ ವಚನವನ್ನೂ ನಮ್ಮ ಪರಂಪರೆ ಜೋಪಾನವಾಗಿ ಉಳಿಸಿಕೊಂಡು ಬಂದಿದೆ. ಅಂತಹ ಪರಂಪರೆಯ ವಾರಸುದಾರರಾದ ನಾವು, ಬಣ್ಣ ಹಚ್ಚಿ ಬದುಕಿದ ಹೆಣ್ಣುಮಗಳೊಬ್ಬರ ಬಾಳನ್ನು ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಸ್ಮರಿಸುವುದು ಅನುಚಿತವೆನಿಸದು. ಕನ್ನಡಿಗರು ಮಿನುಗುತಾರೆಯೆಂದು ಪ್ರೀತಿಯಿಂದ ಕರೆದ ಕಲ್ಪನಾ ಅವರೇ ಆ ಕಲಾವಿದೆ.

ಕಲ್ಪನಾ ಅವರು ೧೯೪೩ರ ಜುಲೈ ೧೮ರಂದು ದಕ್ಷಿಣ ಕನ್ನಡದಲ್ಲಿ ಜನಿಸಿದರು. ತಂದೆ ಕೃಷ್ಣಮೂರ್ತಿ, ತಾಯಿ ಜಾನಕಮ್ಮ. ಹುಟ್ಟುಹೆಸರು ಶರತ್‌ಲತಾ. ಸೌಂದರ್ಯ ಸ್ಪರ್ಧೆಯಲ್ಲಿ ಕಿರೀಟ ಧರಿಸಿ, ಆ ಪ್ರಭೆಯಲ್ಲಿಯೇ ಚಿತ್ರರಂಗವನ್ನು ಪ್ರವೇಶಿಸುವ ನಟಿಯರುಂಟು. ಇವರ ಹಿರಿಮೆ ಅಂತಹ ಕಿರೀಟದಿಂದ ಬಂದುದಲ್ಲ, ದುಡಿಮೆಯಿಂದ ಗಳಿಸಿದುದು. ೧೯೬೩ರಲ್ಲಿ ಬಿ. ಆರ್. ಪಂತುಲು ಅವರ ಸಾಕು ಮಗಳು ಚಿತ್ರದಿಂದ ಇವರ ಕಲಾಜೀವನ ಆರಂಭವಾಯಿತು. ೧೯೫೮ರ ಸ್ಕೂಲ್ ಮಾಸ್ಟರ್ ಚಿತ್ರದ ಮೂಲಕ ಉಪಾಧ್ಯಾಯ ವರ್ಗದ ಸುಖದುಃಖಗಳನ್ನು ನಾಡಿಗೆಲ್ಲ ಕಾಣಿಸಿದ ಪಂತುಲು ಅವರೇ ಈ ಎಳೆಯ ಪ್ರತಿಭೆಗೂ ಬಾಗಿಲು ತೆರೆದರೆಂಬುದು ನಮಗೆ ಸಂತೋಷದ ಸಂಗತಿ.

ಆ ಪ್ರತಿಭೆಗೆ ತಕ್ಕ ಪಾತ್ರ ದೊರೆತುದು ೧೯೬೭ರಲ್ಲಿ, ಬೆಳ್ಳಿ ಮೋಡ ಚಿತ್ರದಲ್ಲಿ. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ ಈ ಚಿತ್ರ ಪುಟ್ಟಣ್ಣ ಕಣಗಾಲ್ ಅವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರವೂ ಹೌದು. ಶ್ರೀಮಂತರ ಏಕೈಕ ಪುತ್ರಿ ಇಂದಿರೆಗೆ ಗಂಡು ಗೊತ್ತಾಗಿದೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತೆಂದರಿತ ವರನ ಮನಸ್ಸು ತಿರುಗುತ್ತದೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಇಂದಿರೆಯೇ ಉಪಚರಿಸುತ್ತಾಳೆ. ಪಶ್ಚಾತ್ತಾಪಪಟ್ಟು ಅವನು ಕೈ ನೀಡಿದಾಗ ಮಾತ್ರ ಆ ಕೈಯನ್ನು ಹಿಡಿಯಲು ಒಪ್ಪುವುದಿಲ್ಲ. ಕರುಣೆ ಬೇರೆ, ಶರಣಾಗತಿ ಬೇರೆ ಎಂಬ ಸೂಕ್ಷ್ಮವನ್ನು ಕಲ್ಪನಾ ಅವರು ಅಂದಿನ ಪ್ರೇಕ್ಷಕರಿಗೆ ಮನಗಾಣಿಸಿದರು.

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಂಗಡಿಸಿದ್ದಾನೆ. ಕಲ್ಪನಾ ಅವರ ಆಹಾರ್ಯವನ್ನು ಲೋಕ ಬಹುಬೇಗ ಗುರುತಿಸಿತು. ಅವರು ಉಟ್ಟ ಸೀರೆ, ತೊಟ್ಟ ಬಳೆ, ರವಿಕೆಯ ತೋಳು, ಮುಡಿಯ ಕಟ್ಟು ಇವೆಲ್ಲವನ್ನೂ ಹೆಣ್ಣುಮಕ್ಕಳು ಅನುಕರಿಸಿದರು. ಆದರೆ ಅವರ ನಿಜವಾದ ಸಂಪತ್ತು ವಾಚಿಕ ಮತ್ತು ಸಾತ್ತ್ವಿಕಗಳಲ್ಲಿತ್ತು. ಮಾತು ಗಂಟಲಲ್ಲಿ ತಡೆದು ನಿಲ್ಲುವಾಗಿನ ನಡುಕ, ಕಣ್ಣು ತುಂಬಿಯೂ ತುಳುಕದಿರುವ ಸಂಯಮ ಇವು ಅನುಕರಣೆಗೆ ಸಿಲುಕುವಂತಹವಲ್ಲ. ಕೆಲವೆಡೆ ಅವರ ಭಾವಾವೇಶ ಹದ ಮೀರಿತೆಂಬ ಆಕ್ಷೇಪವೂ ಇದೆ. ಅದನ್ನು ಪೂರ್ತಿಯಾಗಿ ಅಲ್ಲಗಳೆಯುವಂತಿಲ್ಲ. ಆದರೆ ಉತ್ತಮ ಪಾತ್ರ, ಸಮರ್ಥ ನಿರ್ದೇಶನಗಳು ಕೂಡಿಬಂದೆಡೆಯಲ್ಲಿ ಆ ಆವೇಶವೇ ರಸವಾಗಿ ಪರಿಣಮಿಸಿತು. ಬೆಳ್ಳಿ ಮೋಡ, ಹಣ್ಣೆಲೆ ಚಿಗುರಿದಾಗ, ಶರಪಂಜರ ಈ ಮೂರು ಚಿತ್ರಗಳ ಅಭಿನಯಕ್ಕೆ ರಾಜ್ಯ ಪ್ರಶಸ್ತಿಗಳು ಲಭಿಸಿದುವು.

ಎಂ. ಕೆ. ಇಂದಿರಾ ಅವರ ಕೃತಿಯನ್ನಾಧರಿಸಿದ ಗೆಜ್ಜೆಪೂಜೆ ಚಿತ್ರದಲ್ಲಿ ಇವರದು ಚಂದ್ರಾ ಎಂಬ ಪಾತ್ರ. ವೇಶ್ಯಾವೃತ್ತಿಯ ಮನೆತನದಲ್ಲಿ ಹುಟ್ಟಿದುದೊಂದೇ ಅವಳ ಅಪರಾಧ. ಮದುವೆಯಾಗಿ ಗೃಹಿಣಿಯಾಗಿ ಬಾಳಬೇಕೆಂಬ ಅವಳ ಸಹಜವಾದ ಆಸೆಗೆ ಸಮಾಜವೇ ಅಡ್ಡ ನಿಲ್ಲುತ್ತದೆ. ಸಂಕವ್ವೆಯನ್ನು ಒಳಗೊಂಡ ನಾಡು ಎಂಟು ಶತಮಾನಗಳ ಮೇಲೆ ಚಂದ್ರಾಳನ್ನು ಹೊರಗೆ ನಿಲ್ಲಿಸಿತಲ್ಲ ಎಂಬ ವ್ಯಥೆ ಈ ಚಿತ್ರ ನೋಡಿದ ಸಹೃದಯನನ್ನು ಕಾಡದಿರದು.

೧೯೭೧ರ ಶರಪಂಜರವಂತೂ ಅವರ ಕಲಾಜೀವನದ ಶಿಖರ. ಇದರ ಮೂಲವೂ ತ್ರಿವೇಣಿಯವರ ಕಾದಂಬರಿಯೇ. ೧೯೬೩ರಲ್ಲಿಯೇ ತೀರಿಕೊಂಡ ಆ ಲೇಖಕಿಗೆ ತಮ್ಮ ಪಾತ್ರಗಳು ತೆರೆಯ ಮೇಲೆ ಜೀವ ತಳೆದುದನ್ನು ನೋಡುವ ಭಾಗ್ಯವಿರಲಿಲ್ಲ. ಸುಖಸಂಸಾರದ ಗೃಹಿಣಿ ಕಾವೇರಿಗೆ ಬಾಣಂತಿತನದಲ್ಲಿ ಬುದ್ಧಿ ಕದಡುತ್ತದೆ. ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಹಿಂದಿರುಗಿದರೆ ಗಂಡನಾದಿಯಾಗಿ ಎಲ್ಲರೂ ಅವಳನ್ನು ಹುಚ್ಚಿಯೆಂದೇ ಕಾಣುತ್ತಾರೆ. ನಕ್ಕರೂ ಸಂಶಯ, ಅತ್ತರೂ ಸಂಶಯ. ರೋಗ ಬಿಟ್ಟರೂ ಲೋಕ ಬಿಡದೆ ಅವಳ ಮನಸ್ಸು ಮತ್ತೆ ಕುಸಿಯುತ್ತದೆ.

ಬೆಂಗಳೂರಿನ ದಕ್ಷಿಣ ಭಾಗದ ನಿವಾಸಿಗಳಾದ ನಮಗೆ ಈ ಕಥೆ ದೂರದ್ದಲ್ಲ. ಜಯನಗರಕ್ಕೆ ಸಮೀಪದ ಹೊಸೂರು ರಸ್ತೆಯಲ್ಲಿ, ಹಳೆಯ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಅಲ್ಲಿಂದ ಗುಣಮುಖರಾಗಿ ಹೊರಬರುವವರಿಗೆ ವೈದ್ಯರು ಔಷಧ ಕೊಡಬಲ್ಲರು. ಮನೆಯವರ ವಿಶ್ವಾಸವನ್ನು ಕೊಡಬೇಕಾದವರು ನಾವು. ಇದನ್ನು ನೂರು ಉಪನ್ಯಾಸಗಳಿಗಿಂತ ಮನಮುಟ್ಟುವಂತೆ ತಿಳಿಸಿದುದು ಕಾವೇರಿಯ ಪಾತ್ರ.

ಶರಪಂಜರದ ಅನಂತರ ಪುಟ್ಟಣ್ಣ ಮತ್ತು ಕಲ್ಪನಾ ಮತ್ತೆ ಜೊತೆಗೂಡಲಿಲ್ಲ. ಆದರೂ ೧೯೭೩ರ ಗಂಧದ ಗುಡಿ, ೧೯೭೪ರ ಎರಡು ಕನಸು ಚಿತ್ರಗಳಲ್ಲಿ ರಾಜಕುಮಾರ್ ಅವರೊಡನೆ ಅಭಿನಯಿಸಿ ಕಲ್ಪನಾ ಜನಮನ್ನಣೆ ಪಡೆದರು. ವಾಣಿಯವರ ಕಾದಂಬರಿಯಿಂದ ಮೂಡಿದ ಎರಡು ಕನಸಿನಲ್ಲಿ, ಕಳೆದ ಪ್ರೇಮವನ್ನು ಮರೆಯಲಾರದ ಗಂಡನನ್ನು ತಾಳ್ಮೆಯಿಂದ ಗೆಲ್ಲುವ ಗೌರಿಯ ಪಾತ್ರ ಇಂದಿಗೂ ಜನರ ನೆನಪಿನಲ್ಲಿದೆ. ೧೯೭೬ರಲ್ಲಿ ಭಾರತೀಸುತರ ಕೃತಿಯನ್ನಾಧರಿಸಿದ ಬಯಲು ದಾರಿ ತೆರೆಕಂಡಿತು. ತ್ರಿವೇಣಿ, ಇಂದಿರಾ, ವಾಣಿ ಈ ಮೂವರು ಲೇಖಕಿಯರು ಬರೆದ ಸ್ತ್ರೀಹೃದಯಕ್ಕೆ ಒಬ್ಬರೇ ನಟಿ ಕಣ್ಣು, ಕೊರಳು ನೀಡಿದುದು ಸಾಹಿತ್ಯದ ದೃಷ್ಟಿಯಿಂದಲೂ ಗಣ್ಯವಾದ ಸಂಗತಿ.

ಕೊನೆಯ ದಿನಗಳಲ್ಲಿ ಅವಕಾಶಗಳು ವಿರಳವಾದುವು. ಕಲ್ಪನಾ ಅವರು ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯತ್ತ ಹೊರಳಿ, ಗುಡಗೇರಿ ಬಸವರಾಜ ಅವರ ಕಂಪನಿಯ ನಾಟಕಗಳಲ್ಲಿ ಬಣ್ಣ ಹಚ್ಚಿದರು. ತೆರೆಯ ಮೇಲೆ ಮೆರೆದ ತಾರೆ ಹಳ್ಳಿಪಟ್ಟಣಗಳ ನಾಟಕದ ಕ್ಯಾಂಪುಗಳಲ್ಲಿ ನಿಂತು ದುಡಿದುದನ್ನು ಪತನವೆಂದು ಹೇಳುವವರುಂಟು. ಕಾಯಕದ ಕಣ್ಣಿಗೆ ಅದು ಪತನವಲ್ಲ. ೧೯೭೯ರ ಮೇ ತಿಂಗಳಲ್ಲಿ, ಸಂಕೇಶ್ವರದ ಬಳಿಯ ಗೋಟೂರಿನ ಬಂಗಲೆಯಲ್ಲಿ ಅವರ ಜೀವನ ಕೊನೆಗೊಂಡಿತು. ವಯಸ್ಸು ಮೂವತ್ತೈದು. ಆ ಸಾವಿನ ಸುತ್ತ ಹುಟ್ಟಿದ ಮಾತುಗಳು ನೂರಾರು. ಅವನ್ನು ಇಲ್ಲಿ ಎಣಿಸುವುದು ಮೃತರಿಗೆ ಸಲ್ಲಿಸುವ ಗೌರವವಾಗದು. ಪರರ ದುಃಖವನ್ನು ತನ್ನದಾಗಿಸಿಕೊಂಡು ನಾಡನ್ನೆಲ್ಲ ಅಳಿಸಿದ ಜೀವದ ಸ್ವಂತ ದುಃಖಕ್ಕೆ ಒದಗಿದವರು ಸಾಲದಾದರು ಎಂಬುದಷ್ಟೇ ನಾವು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು.

ಜಯನಗರದಲ್ಲಿ ಪುಟ್ಟಣ್ಣನವರ ಹೆಸರು ಹೊತ್ತಿದ್ದ ಚಿತ್ರಮಂದಿರ ಇಂದು ಇಲ್ಲ. ಮಂದಿರಗಳು ಅಳಿಯುತ್ತವೆ, ಕಲೆ ಉಳಿಯುತ್ತದೆ. ನಮ್ಮ ಶಾಲೆಗಳ ವಾರ್ಷಿಕೋತ್ಸವದಲ್ಲಿ ಪ್ರತಿವರ್ಷವೂ ಮಕ್ಕಳು ವೇಷ ಕಟ್ಟಿ ರಂಗವೇರುತ್ತಾರೆ. ಅವರಲ್ಲಿ ಯಾವ ಹೆಣ್ಣುಮಗುವಾದರೂ ಅಭಿನಯವನ್ನೇ ಬಾಳಿನ ಕಾಯಕವಾಗಿ ಆರಿಸಿಕೊಂಡರೆ, ಉಪಾಧ್ಯಾಯರೂ ಪೋಷಕರೂ ಅವಳನ್ನು ಹೊರಗಿನವಳೆಂದು ಕಾಣದಿರಲಿ. ಚಪ್ಪಾಳೆ ನಿಂತ ಮೇಲೆಯೂ ಅವಳ ಕ್ಷೇಮವನ್ನು ವಿಚಾರಿಸುವ ನಾಲ್ಕು ಜನ ಅವಳಿಗಿರಲಿ. ಅದುವೇ ಮಿನುಗಿ ಮರೆಯಾದ ಆ ತಾರೆಗೆ ನಾವು ಅರ್ಪಿಸುವ ಶರಣು.