ಷೇರ್ ಷಹನೂ ಹೆದ್ದಾರಿಯೂ

ದೂರದ ಊರುಗಳನ್ನು ಕೂಡಿಸುವುದಕ್ಕೆಂದು ಹಾಕಿದ ಹೆದ್ದಾರಿಯು ಇಕ್ಕೆಲದ ಅಂಗಡಿಗಳ ದೆಸೆಯಿಂದ ಸಂತೆಯ ಬೀದಿಯಾಗಿ ಪರಿಣಮಿಸುವುದನ್ನು ವಾಚಕರು ಅನೇಕ ಊರುಗಳಲ್ಲಿ ಕಂಡಿರುವರು. ಊರಿಗೆ ವ್ಯಾಪಾರವು ಬೇಕು, ದೇಶಕ್ಕೆ ಸುಗಮವಾದ ಸಂಚಾರವೂ ಬೇಕು. ಇವೆರಡನ್ನೂ ಹೊಂದಿಸಲು 16ನೆಯ ಶತಮಾನದಲ್ಲಿಯೇ ಯತ್ನಿಸಿದ ಷೇರ್ ಷಹ ಸೂರನ ಚರಿತ್ರೆಯು ಮನನಯೋಗ್ಯವಾದುದು.

ಆತನ ಮೊದಲಿನ ಹೆಸರು ಫರೀದ್. ತಂದೆಯಾದ ಹಸನ್ ಖಾನನು ಬಿಹಾರದ ಸಸರಾಮಿನ ಜಹಗೀರುದಾರನಾಗಿದ್ದನು. ಮನೆಯಲ್ಲಿ ವೈಮನಸ್ಯವುಂಟಾಗಲು ಫರೀದನು ಜೌನ್‌ಪುರಕ್ಕೆ ಹೋಗಿ ವಿದ್ಯಾಭ್ಯಾಸ ಮಾಡಿದನು. ಹಿಂದಿರುಗಿ ತಂದೆಯ ಜಹಗೀರನ್ನು ನೋಡಿಕೊಳ್ಳುತ್ತಿದ್ದಾಗ, ರೈತನಿಗೂ ಬೊಕ್ಕಸಕ್ಕೂ ನಡುವೆ ಎಷ್ಟೊಂದು ಕೈಗಳು ಸುಲಿಗೆ ಮಾಡುತ್ತವೆಂಬುದನ್ನು ಪ್ರತ್ಯಕ್ಷವಾಗಿ ಅರಿತನು. ಮುಂದೆ ಷೇರ್ ಖಾನನೆಂದು ಪ್ರಸಿದ್ಧನಾಗಿ, ಹುಮಾಯೂನನನ್ನು 1539ರಲ್ಲಿ ಚೌಸಾದಲ್ಲಿಯೂ 1540ರಲ್ಲಿ ಕನೌಜಿನ ಬಳಿಯೂ ಸೋಲಿಸಿ ದಿಲ್ಲಿಯ ಸಿಂಹಾಸನವನ್ನೇರಿದನು.

ಆತನು ಆಳಿದುದು ಐದೇ ವರ್ಷ. ಆ ಅಲ್ಪಕಾಲದಲ್ಲಿಯೇ ಬಂಗಾಳದ ಸೋನಾರ್‌ಗಾಂವಿನಿಂದ ಸಿಂಧೂನದಿಯ ಪ್ರಾಂತದವರೆಗಿನ ಪುರಾತನ ವ್ಯಾಪಾರಮಾರ್ಗವನ್ನು ಜೀರ್ಣೋದ್ಧಾರ ಮಾಡಿಸಿದನು. ಆಗ್ರಾದಿಂದ ದಖ್ಖಣದ ಹೆಬ್ಬಾಗಿಲೆನಿಸಿದ ಬುರ್ಹಾನ್‌ಪುರಕ್ಕೂ, ಜೋಧ್‌ಪುರ ಚಿತ್ತೋಡಗಳ ಕಡೆಗೂ, ಲಾಹೋರಿನಿಂದ ಮುಲ್ತಾನಿಗೂ ಮಾರ್ಗಗಳು ಏರ್ಪಟ್ಟವು. ದಾರಿಯುದ್ದಕ್ಕೂ ಸಾಲುಮರಗಳನ್ನು ನೆಡಿಸಿದನು. ಎರಡೆರಡು ಕ್ರೋಶಗಳಿಗೊಂದರಂತೆ ಸರಾಯಿಗಳನ್ನು ಕಟ್ಟಿಸಿದನು. ಇವುಗಳ ಸಂಖ್ಯೆ 1,700 ಎಂದು ಮೊಗಲರ ಕಾಲದ ಚರಿತ್ರಕಾರರು ಬರೆದಿರುವರು. ಹಿಂದೂಗಳಿಗೂ ಮುಸಲ್ಮಾನರಿಗೂ ಪ್ರತ್ಯೇಕ ವಸತಿ, ಭಾವಿ, ಅಂಚೆಯ ಕುದುರೆಗಳು ಅಲ್ಲಿದ್ದವು. ಸರಾಯಿಗಳ ಸುತ್ತ ಹಳ್ಳಿಗಳೂ ಅಂಗಡಿಗಳೂ ಬೆಳೆದವು. ಹೀಗೆ ವ್ಯಾಪಾರಕ್ಕೆ ದಾರಿಯ ಮಗ್ಗುಲಲ್ಲಿಯೇ ಗೊತ್ತಾದ ನೆಲೆಗಳು ದೊರೆತವು.

ಸುಂಕದ ವಿಷಯದಲ್ಲಿಯೂ ಆತನ ದೃಷ್ಟಿಯು ಇದೇ ಆಗಿತ್ತು. ಸರಕು ರಾಜ್ಯದ ಗಡಿಯನ್ನು ದಾಟುವಾಗ ಒಮ್ಮೆ, ಮಾರಾಟವಾಗುವಲ್ಲಿ ಒಮ್ಮೆ ಸುಂಕ. ನಡುದಾರಿಯಲ್ಲಾಗಲಿ ದೋಣಿಗಡಗಳಲ್ಲಾಗಲಿ ಯಾರೂ ಕೈಯೊಡ್ಡಕೂಡದೆಂದು ಕಟ್ಟಪ್ಪಣೆಯಾಯಿತು. ದಾರಿಯಲ್ಲಿ ಕಳವಾದರೆ ಆ ಎಲ್ಲೆಯ ಗ್ರಾಮಮುಖ್ಯರೇ ಹೊಣೆಗಾರರು. ಈ ಶಿಕ್ಷೆಯು ಕಠೋರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ವರ್ತಕನು ನಿರ್ಭಯನಾದನು.

1545ರ ಮೇ ತಿಂಗಳಲ್ಲಿ ಕಾಲಿಂಜರದ ಕೋಟೆಯನ್ನು ಮುತ್ತಿದ್ದಾಗ ಮದ್ದಿಗೆ ಕಿಡಿ ತಗುಲಿ ಷೇರ್ ಷಹನು ಮೃತನಾದನು. ಸಸರಾಮಿನ ಕೆರೆಯ ನಡುವೆ ಆತನ ಗೋರಿಯಿದೆ. ಆತನ ಹಿರಿಯ ಮಾರ್ಗದ ಬಹುಭಾಗವು ಇಂದು ಭಾರತದೊಳಗೆ 19 ಮತ್ತು 44ನೆಯ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸೇರಿಹೋಗಿದೆ.

ಹೆದ್ದಾರಿಯ ಭೂಮಿಯನ್ನು ಆಕ್ರಮಿಸುವುದನ್ನು ತಡೆಯಲು 2002ರ ಶಾಸನವು ಅಧಿಕಾರಿಗಳಿಗೆ ಅಧಿಕಾರ ಕೊಟ್ಟಿದೆ. ಆ ಅಧಿಕಾರವು ಅವಶ್ಯಕವೇ ಸರಿ. ಆದರೆ ಅಂಗಡಿಯನ್ನು ಕಿತ್ತುಹಾಕುವುದಷ್ಟೇ ಆಡಳಿತವೆನಿಸದು. ಬಡವ್ಯಾಪಾರಿಯು ದಾರಿಯಂಚಿಗೆ ಬರುವುದು ಗಿರಾಕಿಯು ಅಲ್ಲಿಯೇ ದೊರೆಯುವುದರಿಂದ. ಬೇರೊಂದು ನೆಲೆಯನ್ನು ತೋರದೆ ಎಬ್ಬಿಸಿದರೆ ಆತನು ನಾಳೆ ಮರಳಿ ಬರುವನು. ಷೇರ್ ಷಹನು ಪ್ರಯಾಣಿಕನು ನಿಲ್ಲುವೆಡೆಯಲ್ಲಿ ವ್ಯಾಪಾರಕ್ಕೆ ಆಸ್ಪದವಿತ್ತು, ಆತನು ನಡೆಯುವೆಡೆಯಲ್ಲಿ ದಾರಿಯನ್ನು ತೆರವಾಗಿರಿಸಿದನು. ಹೊಸ ಮಾರ್ಗದ ನಕ್ಷೆಯನ್ನು ಬರೆಯುವಾಗಲೇ ವಾಹನಗಳು ತಂಗುವ ಕಟ್ಟೆ, ಪೇಟೆ, ಒಳದಾರಿಗಳಿಗೆ ಸ್ಥಳವನ್ನು ಗೊತ್ತುಮಾಡುವುದು ಪುರಸಭೆಗಳ ಮತ್ತು ಇಂಜಿನಿಯರುಗಳ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.