ಚಿಪ್ಪಿನೊಳಗಿನ ಗುಟ್ಟು

ಸೂಶಿಗೆ ಸುತ್ತುವ ಆ ಕಪ್ಪು ಹಾಳೆಯನ್ನು ಅನಿಮೆಯಲ್ಲಾದರೂ ನಾವೆಲ್ಲ ನೋಡಿರ್ತೀವಿ. ಅದರ ಹೆಸರು ನೋರಿ, ಅದೊಂದು ಕಡಲಪಾಚಿ. ಜಪಾನಿನಲ್ಲಿ ಅದರ ಬೆಳೆ ಉಳಿದದ್ದು ಒಬ್ಬ ಇಂಗ್ಲಿಷ್ ವಿಜ್ಞಾನಿಯಿಂದ ಅಂದ್ರೆ ನಂಬ್ತೀರಾ? ಅವರೇ ಕ್ಯಾಥ್ಲೀನ್ ಡ್ರೂ-ಬೇಕರ್.

1901ರಲ್ಲಿ ಲ್ಯಾಂಕಷೈರಿನಲ್ಲಿ ಹುಟ್ಟಿದ ಕ್ಯಾಥ್ಲೀನ್, ಸ್ಕಾಲರ್‌ಶಿಪ್ ಪಡೆದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದರು. 1922ರಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಅಲ್ಲೇ ಕೆಲಸಕ್ಕೆ ಸೇರಿದರು. 1928ರಲ್ಲಿ ಹೆನ್ರಿ ರೈಟ್ ಬೇಕರ್ ಎಂಬ ಇಂಜಿನಿಯರಿಂಗ್ ಅಧ್ಯಾಪಕರನ್ನು ಮದುವೆಯಾದರು. ಮದುವೆಯಾದ ಹೆಂಗಸರಿಗೆ ಕೆಲಸ ಇಲ್ಲ ಅನ್ನೋದು ಆಗಿನ ನಿಯಮ. ಕೆಲಸ ಹೋಯ್ತು. ಆದರೂ ಮನೆ, ಇಬ್ಬರು ಮಕ್ಕಳ ನಡುವೆ ಅವರು ಸಂಶೋಧನೆ ಬಿಡಲಿಲ್ಲ. ಪಾಚಿ ಬೆಳೆಸಲು ಉಬ್ಬರವಿಳಿತದ ತೊಟ್ಟಿಯನ್ನು ಗಂಡನೇ ಮಾಡಿಕೊಟ್ಟರು. ಇಂಜಿನಿಯರ್ ಅಂದ್ರೆ ಹಾಗಿರಬೇಕು!

ಕೆಂಪು ಪಾಚಿಗಳ ಕ್ರೋಮೋಸೋಮ್ ಲೆಕ್ಕ ವಿಚಿತ್ರ. ನಮ್ಮ ದೇಹದ ಜೀವಕೋಶಗಳಲ್ಲಿ ಎರಡು ಸೆಟ್ ಇರುತ್ತೆ. ಒಂದೇ ಸೆಟ್ ಇರೋದು ಅಂಡಾಣು, ವೀರ್ಯಾಣುಗಳಲ್ಲಿ ಮಾತ್ರ. ಪಾಚಿಗಳಾದರೆ ಒಂದೇ ಸೆಟ್ ಇಟ್ಟುಕೊಂಡೂ ಇಡೀ ಗಿಡವಾಗಿ ಬೆಳೀತವೆ. ಸ್ಪರ್ಮೋಥಾಮ್ನಿಯಾನ್ ಎಂಬ ಪಾಚಿಯಲ್ಲಿ ಒಂದು, ಎರಡು, ಮೂರು ಸೆಟ್‌ಗಳ ಗಿಡಗಳಿರುವುದನ್ನು ಕ್ಯಾಥ್ಲೀನ್ ವಿವರಿಸಿದರು.

ಆಮೇಲೆ ಅವರು ಹಿಡಿದದ್ದು ಪೊರ್ಫೈರಾ, ಅಂದರೆ ನೋರಿಯ ಹತ್ತಿರದ ಸಂಬಂಧಿ. ಅದರ ಬೀಜಕಣಗಳು ಎಲ್ಲಿಗೆ ಹೋಗ್ತವೆ ಅನ್ನೋದೇ ಒಗಟಾಗಿತ್ತು. ಅವು ಚಿಪ್ಪನ್ನು ಕೊರೆದು ಒಳಗೆ ಗುಲಾಬಿ ಎಳೆಗಳಾಗಿ ಬೆಳೆಯುವುದನ್ನು ಅವರು ಕಂಡರು. ಆ ಎಳೆಗೆ 1892ರಿಂದಲೇ ಕಾಂಕೋಸೆಲಿಸ್ ಎಂಬ ಹೆಸರಿತ್ತು. ಎಲ್ಲರೂ ಅದನ್ನು ಬೇರೆಯೇ ಪಾಚಿ ಅಂದುಕೊಂಡಿದ್ದರು. ಎರಡೂ ಒಂದೇ ಎಂದು 1949ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕ್ಯಾಥ್ಲೀನ್ ಬರೆದರು. ಹಾಳೆಯಲ್ಲಿ ಒಂದು ಸೆಟ್, ಎಳೆಯಲ್ಲಿ ಎರಡು ಅನ್ನೋದು ಮುಂದೆ ಖಚಿತವಾಯ್ತು. ಜಪಾನಿನ ನೋರಿಯಲ್ಲಿ ಈ ಲೆಕ್ಕ 3 ಮತ್ತು 6.

ಅತ್ತ ಜಪಾನಿನಲ್ಲಿ ಯುದ್ಧದ ನಂತರ ನೋರಿ ಬೆಳೆ ನೆಲಕಚ್ಚಿತ್ತು. ಬೀಜ ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ಲದ ಬೆಳೆಗಾರರು ಅದೃಷ್ಟವನ್ನೇ ನಂಬಿದ್ದರು. ಈ ಸಂಶೋಧನೆ ತಿಳಿದ ಮೇಲೆ ಅಲ್ಲಿನ ವಿಜ್ಞಾನಿಗಳು ಸಿಂಪಿ ಚಿಪ್ಪುಗಳಲ್ಲಿ ಎಳೆ ಬೆಳೆಸಿ, ಅದರ ಬೀಜಕಣಗಳನ್ನು ಬಲೆಗಳಿಗೆ ಹತ್ತಿಸುವುದನ್ನು ಕಲಿತರು. ಅದೃಷ್ಟದ ಬೆಳೆ ಕೃಷಿಯಾಯ್ತು.

ಕ್ಯಾಥ್ಲೀನ್ 1957ರಲ್ಲಿ ತೀರಿಕೊಂಡರು. ಜಪಾನಿಗೆ ಅವರು ಒಮ್ಮೆಯೂ ಹೋಗಿರಲಿಲ್ಲ. 1963ರಲ್ಲಿ ಆರಿಯಾಕೆ ಸಮುದ್ರದ ದಂಡೆಯ ಉಟೊ ಊರಿನಲ್ಲಿ ಅವರ ಸ್ಮಾರಕ ಎದ್ದಿತು. ಪ್ರತಿವರ್ಷ ಏಪ್ರಿಲ್ 14ರಂದು ಜನ ಅಲ್ಲಿ ಸೇರಿ ಅವರನ್ನು ನೆನೆಯುತ್ತಾರೆ. ಅವರ ಬಾಯಲ್ಲಿ ಕ್ಯಾಥ್ಲೀನ್ ಸಮುದ್ರದ ತಾಯಿ.